ಅಳತೆ ತೆಗೆಯದೆ ಹೊಲಿಸುವವರಿಗೆ

ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಕಾರ್ಖಾನೆ, ಕಂಪನಿಗಳಲ್ಲಿ ಹೆಣ್ಣುಮಕ್ಕಳ ಉಡುಪಿನ ನಿಯಮ ಬರೆಯುವ ಎಚ್.ಆರ್. ಮತ್ತು ಅಡ್ಮಿನ್ ವಿಭಾಗದ ಎಲ್ಲರಿಗೆ,

ನಾನು ಟಿ. ದಾಸರಹಳ್ಳಿಯಲ್ಲಿ ಹೆಂಗಸರ ಬಟ್ಟೆ ಹೊಲಿಯುವ ಟೈಲರ್. ಅದಕ್ಕೂ ಮುಂಚೆ ಪೀಣ್ಯದ ಒಂದು ಗಾರ್ಮೆಂಟ್ಸಿನಲ್ಲಿ ಪ್ಯಾಂಟಿನ ಲೈನಿನಲ್ಲಿದ್ದೆ. ಹಿಂಜೇಬು ಕೂರಿಸುವುದು ನನ್ನ ಕೆಲಸವಾಗಿತ್ತು. ನೀವು ಹಂಚುವ ಯೂನಿಫಾರ್ಮು ನಿಮ್ಮ ಸ್ಟೋರಿನಿಂದ ಹೊರಟ ಕೆಲವೇ ದಿನಗಳಲ್ಲಿ ನನ್ನಂಥವರ ಅಂಗಡಿಗೆ ಬರುತ್ತದೆ. ಇಲ್ಲಿ ಬಿಚ್ಚಿ, ಅಲ್ಲಿ ಹಿಡಿದು ಕೊಡಿ ಅಂತ ತರುತ್ತಾರೆ. ಹಾಗಾಗಿ ನಿಮ್ಮ ನಿಯಮ ಹೆಣ್ಣಿನ ಮೈಮೇಲೆ ಎಲ್ಲಿ ಬಿಗಿಯುತ್ತದೆ, ಎಲ್ಲಿ ಜಾರುತ್ತದೆ ಎಂಬ ಲೆಕ್ಕ ನಿಮಗಿಂತ ನನಗೆ ಚೆನ್ನಾಗಿ ಗೊತ್ತು. ಆ ಲೆಕ್ಕ ಒಪ್ಪಿಸಲಿಕ್ಕೆ ಈ ಪತ್ರ.

ಮೊದಲು ಸೆಕ್ಯುರಿಟಿ ಹೆಣ್ಣುಮಕ್ಕಳ ವಿಷಯ. ಹೆಣ್ಣು ಪ್ಯಾಂಟು ಹಾಕಬೇಕೇ ಬೇಡವೇ ಎಂದು ಟಿ.ವಿ.ಯಲ್ಲಿ ಕೂತು ಜಗಳವಾಡುವವರಿಗೆ ಇವರು ಕಾಣುವುದೇ ಇಲ್ಲ. ಟೆಕ್ ಪಾರ್ಕಿನ ಗೇಟಿನಲ್ಲಿ ಬ್ಯಾಗು ನೋಡುತ್ತ, ಹೆಂಗಸರನ್ನು ತಡವಿ ಒಳಗೆ ಬಿಡುತ್ತ ದಿನವಿಡೀ ನಿಂತಿರುತ್ತಾರೆ. ಊರಲ್ಲಿ ಸೀರೆಯಲ್ಲೇ ಇದ್ದವರು. ಕೆಲಸ ಸಿಕ್ಕ ದಿನ ಕೈಗೆ ಪ್ಯಾಂಟು, ಶರಟು, ಬೆಲ್ಟು ಬಂತು, ಹಾಕಿಕೊಂಡರು. ಪ್ಯಾಂಟಿನ ಬಗ್ಗೆ ಅವರದೇನೂ ತಕರಾರಿಲ್ಲ. ತಕರಾರೆಲ್ಲ ಅಳತೆಯದು. ಏಜೆನ್ಸಿಯವರು ಕೊಡುವುದು ಗಂಡಸರ ಕಟಿಂಗಿನ ಪ್ಯಾಂಟು, ಸೈಜು ಮಾತ್ರ ಚಿಕ್ಕದು. ಹೆಣ್ಣಿನ ಸೊಂಟಕ್ಕೂ ಸೀಟಿಗೂ ಇರುವ ಅಂತರ ಗಂಡಸಿನದಕ್ಕಿಂತ ಹೆಚ್ಚು ಎಂಬುದು ಮೊದಲ ವಾರ ಟೈಲರಿಂಗ್ ಕಲಿಯುವ ಹುಡುಗಿಗೂ ಗೊತ್ತು. ಸೀಟಿಗೆ ಸರಿಹೋದರೆ ಸೊಂಟದಲ್ಲಿ ನಾಲ್ಕು ಬೆರಳು ಸಡಿಲ. ಸೊಂಟಕ್ಕೆ ಸರಿಹೋದರೆ ಕೂತಾಗ ತೊಡೆ ಬಿಗಿದು ನಡುಹೊಲಿಗೆ ಬಿರಿಯುತ್ತದೆ. ಶರಟಿನದು ಇನ್ನೊಂದು ಗೋಳು. ಎದೆಯ ಹತ್ತಿರ ಎರಡು ಗುಂಡಿಗಳ ನಡುವೆ ಬಾಯಿ ಬಿಡುತ್ತದೆ. ನಾನು ಒಳಗಡೆಯಿಂದ ಒಂದು ಟಿಚ್ ಬಟನ್ ಹಾಕಿಕೊಡುತ್ತೇನೆ. "ದಿನಾ ಪಿನ್ ಹಾಕ್ಕೊಂಡು ನಿಲ್ತಿದ್ದೆ ಅಕ್ಕಾ, ಕೈ ಎತ್ತಿದ್ರೆ ಎದೆಗೇ ಚುಚ್ಚೋದು" ಅಂದಳು ಒಬ್ಬಳು. ಈ ರಿಪೇರಿಯ ದುಡ್ಡು ಅವರ ಸಂಬಳದ್ದು.

ಇದರ ಮೇಲೆ ಇನ್‌ಶರ್ಟ್ ಮಾಡಲೇಬೇಕು ಎಂಬ ನಿಯಮ ಬೇರೆ. ಶರಟು ಹೊರಗೆ ಬಿಟ್ಟು ಸೀಟು ಮುಚ್ಚುವಷ್ಟು ಉದ್ದ ಇದ್ದರೆ ಅವರಿಗೆ ಅರ್ಧ ಮುಜುಗರ ಹೋಗುತ್ತದೆ. ಅರ್ಧ ಅಡಿ ಬಟ್ಟೆಯ ಮಾತು. ಪಕ್ಕದಲ್ಲಿ ಸಣ್ಣ ಸೀಳು ಕೊಟ್ಟು ಹೊಲಿದರೆ ಹೊರಗೆ ಬಿಟ್ಟರೂ ಒಪ್ಪವಾಗಿಯೇ ಕಾಣುತ್ತದೆ. ಇದನ್ನು ಯಾರೂ ಕೇಳಲಿಲ್ಲ ಯಾಕೆಂದರೆ ಗಂಡಸರಿಗೆ ಇನ್‌ಶರ್ಟ್ ಶಿಸ್ತು, ಹಾಗಾದರೆ ಹೆಂಗಸರಿಗೂ ಅದೇ ಶಿಸ್ತು.

ಒಳಗೆ ಕೂತು ಕೆಲಸ ಮಾಡುವವರ ನಿಯಮ ಅಷ್ಟರಲ್ಲಿ ಸಡಿಲವಾಗುತ್ತ ಬಂದಿದೆ. ಎಲೆಕ್ಟ್ರಾನಿಕ್ ಸಿಟಿಯ ಇನ್ಫೋಸಿಸ್ 2015ರ ಜೂನಿನಲ್ಲಿ ವಾರದ ಎಲ್ಲ ದಿನವೂ ಕ್ಯಾಶುವಲ್ ಉಡುಪಿಗೆ ಒಪ್ಪಿದ್ದು ದೊಡ್ಡ ಸುದ್ದಿಯಾಗಿತ್ತು. ಈಗ ಅದು ಎಷ್ಟೋ ಕಡೆ ಮಾಮೂಲು. ಸಂತೋಷ. ನಾನು ಹೇಳುತ್ತಿರುವುದು ಯಾವುದೋ ಒಂದು ಕಂಪನಿಯ ಮಾತಲ್ಲ: ಒಳಗಿನವರಿಗೆ ಉಡುಪು ಆಯ್ಕೆಯಾಯಿತು, ಗೇಟಿನಲ್ಲಿ ನಿಲ್ಲುವವರಿಗೆ, ನೆಲ ಒರೆಸುವವರಿಗೆ, ಲೈನಿನಲ್ಲಿ ಕೂರುವವರಿಗೆ ಅದು ಆದೇಶವಾಗಿಯೇ ಉಳಿಯಿತು.

ಈಗ ಜೇಬು. ನಗಬೇಡಿ. ನನ್ನ ಅಂಗಡಿಯಲ್ಲಿ ಅತಿ ಹೆಚ್ಚು ಕೇಳಿಬರುವ ಮಾತು, "ಅಕ್ಕಾ, ಟಾಪಿಗೆ ಜೇಬು ಇಡ್ತೀರಾ?" ಲೈನಿನಲ್ಲಿದ್ದಾಗ ಪರದೇಶದ ಗಂಡಸರ ಪ್ಯಾಂಟಿಗೆ ದಿನಕ್ಕೆ ನೂರಾರು ಜೇಬು ಕೂರಿಸುತ್ತಿದ್ದೆ. ನನ್ನ ಚೂಡಿದಾರಕ್ಕೆ ಒಂದೂ ಇರಲಿಲ್ಲ. ಹೆಣ್ಣಿನ ಬಟ್ಟೆಗೆ ಜೇಬು ಬೇಡ ಎಂದು ಯಾರು ತೀರ್ಮಾನ ಮಾಡಿದರೋ ಪುಣ್ಯಾತ್ಮರು! 2023ರ ಜೂನ್ 11ಕ್ಕೆ ಹೆಂಗಸರಿಗೆ ಬಸ್ಸು ಉಚಿತ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಚಿಲ್ಲರೆಯ ಚಿಂತೆ ತಪ್ಪಿತು, ಆದರೆ ಆಧಾರ್ ಕಾರ್ಡು ತೋರಿಸಬೇಕಲ್ಲ, ಅದು ಎಲ್ಲಿರಬೇಕು? ಫೋನು ಎಲ್ಲಿರಬೇಕು? ಬ್ಲೌಸಿನೊಳಗೆ. ಬೆವರಿನಲ್ಲಿ ನೆಂದ ನೋಟು ಕೊಟ್ಟರೆ ಅಂಗಡಿಯವನ ಮುಖ ಹೇಗಾಗುತ್ತದೆ ಎಂದು ನೋಡಿದ್ದೀರಾ?

ಇನ್ನೊಂದು ಮಾತನ್ನು ಗಂಡಸರಾದ ನೀವು ಊಹಿಸಿರಲಿಕ್ಕಿಲ್ಲ. ಎಷ್ಟೋ ಗಾರ್ಮೆಂಟ್ಸಿನಲ್ಲಿ ಬ್ಯಾಗನ್ನು ಫ್ಲೋರಿಗೆ ಒಯ್ಯುವಂತಿಲ್ಲ, ಕಳವಿನ ಭಯಕ್ಕೆ. ಮುಟ್ಟಾದವಳು ಪ್ಯಾಡನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಏಪ್ರನ್ನಿನ ಮೇಲೆ ಕೈ ಅಡ್ಡ ಹಿಡಿದು, ಇಡೀ ಲೈನು ದಾಟಿ, ಸೂಪರ್‌ವೈಸರನ ಮುಂದೆ ಹಾದು ಹೋಗಬೇಕು. 2025ರ ಅಕ್ಟೋಬರಿನಲ್ಲಿ ರಾಜ್ಯ ಸಂಪುಟ ತಿಂಗಳಿಗೊಂದು ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ಒಪ್ಪಿತು, ಗಾರ್ಮೆಂಟ್ಸನ್ನೂ ಐ.ಟಿ.ಯನ್ನೂ ಸೇರಿಸಿ. ಒಳ್ಳೆಯದೇ. ಮಿಕ್ಕ ಮೂರು ನಾಲ್ಕು ದಿನಕ್ಕೆ ಏಪ್ರನ್ನಿನಲ್ಲಿ ಒಂದು ಆಳದ ಒಳಜೇಬು ಸಾಕು. ಮಾನ ಮರ್ಯಾದೆ ಎಂದು ಅಷ್ಟೊಂದು ಮಾತಾಡುವ ನಮ್ಮಲ್ಲಿ ಆ ಒಂದು ಜೇಬು ಯಾರಿಗೂ ಹೊಳೆದಿಲ್ಲ.

ಸೀರೆಯೋ, ಚೂಡಿದಾರೋ, ಪ್ಯಾಂಟೋ, ಯಾವುದು ಹಿತ ಎಂದು ಕೇಳಿದರೆ ಫ್ಲೋರಿನಲ್ಲಿ ಒಂದೇ ಉತ್ತರ ಸಿಗುವುದಿಲ್ಲ. ಹೊಲಿಗೆ ಮಿಷನ್ನಿನ ಪೆಡಲ್ ತುಳಿಯುವಾಗ ನೆರಿಗೆ ಕಾಲಿಗೆ ಸಿಕ್ಕುತ್ತದೆ, ಚೂಡಿದಾರ್ ವಾಸಿ. ಮಳೆಗಾಲದಲ್ಲಿ ಸ್ಟಾಪಿನಲ್ಲಿ ನೆಂದ ಸೀರೆಯಂಚು ಸಂಜೆಯವರೆಗೂ ಒಣಗುವುದಿಲ್ಲ. ಹಾಗೆಂದು ಪ್ಯಾಂಟೇ ಸರಿ ಎಂದರೆ, ಹೆರಿಗೆ ಆಪರೇಷನ್ ಆದವಳಿಗೆ ದಿನವಿಡೀ ಕೂತರೆ ಸೊಂಟಪಟ್ಟಿ ಗಾಯದ ಮೇಲೇ ಒತ್ತುತ್ತದೆ. ಸೀರೆಯನ್ನು ಬೇಕಾದಷ್ಟು ಸಡಿಲಿಸಬಹುದು. ಬಂಡಲ್ ಎತ್ತಲು ಬಗ್ಗಿದಾಗ ಸೂಪರ್‌ವೈಸರ್ ಹಿಂದೆ ನಿಂತಿದ್ದರೆ ಎಲ್ಲಕ್ಕಿಂತ ಏಪ್ರನ್ನೇ ದೇವರು. ಸೆಕೆಯಲ್ಲಿ ಅದೇ ಏಪ್ರನ್ ನರಕ, ಯಾಕೆಂದರೆ ಅದನ್ನು ಪಾಲಿಯೆಸ್ಟರಿನಲ್ಲಿ ಹೊಲಿಸಿರುತ್ತೀರಿ. ಒಬ್ಬಳೇ ಹೆಂಗಸಿಗೆ ಒಂದು ವಾರದಲ್ಲಿ ಎರಡು ಬೇರೆ ಉತ್ತರ ಇರಬಹುದು. ಅದನ್ನು ಆಫೀಸಿನಲ್ಲಿ ಕೂತು ನೀವು ಅವಳ ಪರವಾಗಿ ಒಂದೇ ಸಲಕ್ಕೆ ಬಗೆಹರಿಸಲು ಬರುವುದಿಲ್ಲ.

ಮಿಷನ್ನಿನ ಅಪಾಯ ನಿಜ, ಅದನ್ನು ನಾನು ತಳ್ಳಿಹಾಕುವುದಿಲ್ಲ. ವೇಲು ಬೆಲ್ಟಿಗೆ ಸಿಕ್ಕರೆ ಕುತ್ತಿಗೆಗೇ ಬರುತ್ತದೆ. ಯೂನಿಯನ್ನಿನವರು ಭಾನುವಾರ ಕಾನೂನು ಹೇಳಿಕೊಡುವಾಗ 1948ರ ಕಾರ್ಖಾನೆ ಕಾಯ್ದೆಯ 22ನೇ ಕಲಂ ಓದಿಸಿದ್ದರು. ತಿರುಗುತ್ತಿರುವ ಯಂತ್ರದ ಹತ್ತಿರ ಹೋಗಿ ಪರೀಕ್ಷಿಸುವವನು ತರಬೇತಿ ಪಡೆದ ವಯಸ್ಕ ಗಂಡಸಾಗಿರಬೇಕು, ಮೈಗಂಟಿದ ಉಡುಪು ಹಾಕಿರಬೇಕು, ಆ ಉಡುಪನ್ನು ಮಾಲೀಕನೇ ಕೊಡಬೇಕು ಎಂದಿತ್ತು ಅಲ್ಲಿ. ಹೆಂಗಸು? ಓಡುತ್ತಿರುವ ಯಂತ್ರವನ್ನು ಅವಳು ಒರೆಸಬಾರದು, ಎಣ್ಣೆ ಹಾಕಬಾರದು, ಸರಿಮಾಡಬಾರದು. ಗಂಡಸಿನ ಉಡುಪು ಬದಲಾಯಿಸಬಹುದಾದ ಸಲಕರಣೆ, ಹೆಣ್ಣಿನ ಉಡುಪು ಹುಟ್ಟಿನಿಂದ ಬಂದ ಚರ್ಮ, ಹಾಗಿತ್ತು ಕಾನೂನಿನ ಎಣಿಕೆ. ಬಟ್ಟೆ ಕೊಡುವ ಬದಲು ಕೆಲಸವನ್ನೇ ಕಿತ್ತುಕೊಂಡಿತು. ಮೆಕ್ಯಾನಿಕ್ ಆಗಿ ಬಡ್ತಿ ಪಡೆದ ಹೆಣ್ಣು ಪೀಣ್ಯದಲ್ಲಿ ಎಷ್ಟು ಅಪರೂಪ ಎಂದು ಒಂದು ಸಲ ಫ್ಲೋರಿನಲ್ಲಿ ಸುತ್ತಿ ನೋಡಿ.

ಇದಕ್ಕೆ ತದ್ವಿರುದ್ಧ ಯೋಚನೆ ಮಾಡಿದ ನಿಯಮವೂ ನಮ್ಮಲ್ಲಿದೆ, ನೀವು ದಿನಾ ನೋಡುತ್ತೀರಿ. ಬೈಕಿನ ಹಿಂಚಕ್ರದ ಪಕ್ಕದ ಸೀರೆ ಗಾರ್ಡ್. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮದ ಪ್ರಕಾರ ಹಿಂದೆ ಕೂರುವವರ ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ಕನಿಷ್ಠ ಅರ್ಧ ಚಕ್ರಕ್ಕೆ ಮರೆ ಇರಲೇಬೇಕು. ಹೆಂಗಸರು ಸೀರೆ ಉಟ್ಟು ಬೈಕು ಹತ್ತಬಾರದು ಎಂದು ಅಲ್ಲಿ ಬರೆಯಲಿಲ್ಲ. ಬೈಕನ್ನು ತಿದ್ದಿದರು. ಬೆಲ್ಟಿಗೆ ಗಾರ್ಡ್ ಹಾಕದೆ ವೇಲು ತೆಗೆಯಿರಿ ಎಂದು ಬೋರ್ಡು ಹಾಕುವ ಕಾರ್ಖಾನೆಯವರು ಇದನ್ನು ಸ್ವಲ್ಪ ಯೋಚಿಸಬೇಕು.

ಹಾಗಾದರೆ ಬೇಕಾದವರು ಪ್ಯಾಂಟು ಹಾಕಿಕೊಂಡು ಬರಲಿ, ಯಾರು ಬೇಡ ಎಂದರು ಎಂದು ನೀವು ಕೇಳಬಹುದು. ಯಾರು ಬೇಡ ಎಂದರು ಎಂದು ತಿಳಿಯಬೇಕಿದ್ದರೆ ಮಾಗಡಿ, ಕುಣಿಗಲ್, ನೆಲಮಂಗಲ ಕಡೆಯ ಹಳ್ಳಿಗಳಿಂದ ನಸುಕಿನಲ್ಲಿ ಹೊರಡುವ ಗಾರ್ಮೆಂಟ್ಸ್ ಬಸ್ಸು ಹತ್ತಿ ನೋಡಿ. ಅರಳಿಕಟ್ಟೆಯ ಮುಂದೆ ಹಾದು ಬಸ್ಸಿಗೆ ಬರಬೇಕು. ಅತ್ತೆ ಬಾಗಿಲಲ್ಲಿ ನಿಂತಿರುತ್ತಾಳೆ. "ಪ್ಯಾಂಟ್ ಹಾಕ್ಕೊಂಡ್ ಹೋದ್ರೆ ಕೆಲ್ಸಕ್ಕೆ ಹೋಗ್ತಾಳೆ ಅನ್ನಲ್ಲ, ಬೇರೆ ಎಲ್ಲಿಗೋ ಹೋಗ್ತಾಳೆ ಅಂತಾರೆ" ಎಂದು ನನ್ನ ಜೊತೆಯವಳು ಹೇಳುತ್ತಿದ್ದಳು. ಊರಿನ ಕಣ್ಣು ಒಂದು ತುದಿಗೆ, ಮಿಷನ್ನು ಇನ್ನೊಂದು ತುದಿಗೆ. ಇವೆರಡರ ನಡುವೆ ಬಟ್ಟೆ ಬದಲಿಸಲು ಬಾಗಿಲಿರುವ ಒಂದು ಕೋಣೆ, ಕಳಚಿದ್ದನ್ನು ಇಡಲು ಬೀಗ ಹಾಕುವ ಒಂದು ಲಾಕರ್ ಇದ್ದರೆ ಎಷ್ಟೋ ಹೆಂಗಸರು ತಾವಾಗಿಯೇ ಆಯ್ಕೆ ಮಾಡಿಕೊಳ್ಳುತ್ತಾರೆ, ಯಾರೊಡನೆಯೂ ಜಗಳವಾಡದೆ. ಬುರ್ಖಾದಲ್ಲಿ ಬಂದು ಗೇಟಿನೊಳಗೆ ತೆಗೆದಿಟ್ಟು ತಲೆಗೆ ಸ್ಕಾರ್ಫ್ ಕಟ್ಟಿ ಮಿಷನ್ನಿಗೆ ಕೂರುವವರು ಆಗಲೇ ಹೀಗೆ ಮಾಡುತ್ತಿದ್ದಾರೆ. ಅವರ ಬುರ್ಖಾ ಹಲವು ಕಡೆ ಕಿಟಕಿಯ ಸರಳಿಗೆ ನೇತಾಡುತ್ತಿರುತ್ತದೆ.

ಇದು ನನ್ನ ಹೊಸ ಬೇಡಿಕೆಯೇನಲ್ಲ. ಕೆಲಸದ ಹೊತ್ತಿನಲ್ಲಿ ಹಾಕದ ಬಟ್ಟೆ ಇಡುವ, ಒದ್ದೆ ಬಟ್ಟೆ ಒಣಗಿಸುವ ಜಾಗದ ಮಾತು ಹಳೆಯ ಕಾರ್ಖಾನೆ ಕಾಯ್ದೆಯ 43ನೇ ಕಲಮಿನಲ್ಲೇ ಇತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಔದ್ಯೋಗಿಕ ಸುರಕ್ಷತಾ ಸಂಹಿತೆಯ 24ನೇ ಕಲಮಿನಲ್ಲಿ ಅದರ ಜೊತೆಗೆ ಗಂಡು, ಹೆಣ್ಣು, ಲಿಂಗಾಂತರಿಗಳಿಗೆ ಬೇರೆ ಬೇರೆ ಲಾಕರ್ ಕೋಣೆಯ ಮಾತೂ ಸೇರಿದೆ. 2023ರಲ್ಲಿ ರಾಜ್ಯದ ತಿದ್ದುಪಡಿಯಿಂದ ಹೆಂಗಸರ ರಾತ್ರಿ ಪಾಳಿಗೆ ದಾರಿಯಾದಾಗ ಅದನ್ನು ಅರ್ಥ ಮಾಡಿಕೊಳ್ಳಲು ನಿಮಗೆ ತಡವಾಗಲಿಲ್ಲ. ಇದನ್ನೂ ಅಷ್ಟೇ ಬೇಗ ಓದಿ.

ಕಕ್ಕಸಿನ ಮಾತಿಗೆ ಬರುತ್ತೇನೆ, ಮೂಗು ಮುರಿಯಬೇಡಿ. ಕಾರ್ಖಾನೆಯಲ್ಲಿ 25 ಹೆಂಗಸರಿಗೆ ಒಂದು ಎಂಬುದು ಲೆಕ್ಕ. ಅಲ್ಲಿ ನೆಲ ಯಾವಾಗಲೂ ಒದ್ದೆ. ಸೀರೆಯಾದರೆ ಎತ್ತಿ ಕಟ್ಟಿ ಕ್ಷಣದಲ್ಲಿ ಮುಗಿಸಿ ಬರಬಹುದು. ಪ್ಯಾಂಟೋ ಚೂಡಿದಾರೋ ಆದರೆ ಲಾಡಿ ಬಿಚ್ಚಬೇಕು, ಏಪ್ರನ್ ಎತ್ತಬೇಕು, ವೇಲನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳಬೇಕು, ಬಟ್ಟೆಯ ಅಂಚು ನೆಲಕ್ಕೆ ತಾಗದಂತೆ ಹಿಡಿಯಬೇಕು. ಇಷ್ಟರಲ್ಲಿ ಹೊರಗಿನಿಂದ ಬಾಗಿಲು ಬಡಿತ, ಲೈನಿನಲ್ಲಿ ಪೀಸು ಕಟ್ಟಿಬಿದ್ದಿರುತ್ತದೆ. ನನಗೆ ಗೊತ್ತಿರುವ ಎಷ್ಟೋ ಜನ ಪ್ಯಾಂಟು ಬೇಡ ಎನ್ನುವುದು ಸಂಸ್ಕೃತಿಗೆ ಹೆದರಿ ಅಲ್ಲ, ಈ ಕಕ್ಕಸಿಗೆ ಹೆದರಿ. ಬಾಗಿಲ ಹಿಂದೆ ಒಂದು ಮೊಳೆ ಹೊಡೆಸಲು ಯಾವ ಬೋರ್ಡ್ ಮೀಟಿಂಗೂ ಬೇಡ.

ಸಂಸ್ಕೃತಿ ಎಂದೆನಲ್ಲ, ಅದರದ್ದೂ ಒಂದೆರಡು ಮಾತು. ಸ್ಕರ್ಟು ಐ.ಟಿ.ಯವರು ತಂದ ಪಿಡುಗು ಎನ್ನುವವರು ವೈಟ್‌ಫೀಲ್ಡಿನ ಹಳೆಯ ಬೀದಿಗಳಲ್ಲಿ ಒಮ್ಮೆ ನಡೆದು ಬರಬೇಕು. ಆ ಊರು ಹುಟ್ಟಿದ್ದೇ 1882ರಲ್ಲಿ, ಡಿ.ಎಸ್. ವೈಟ್ ಎಂಬವರ ಮುಂದಾಳತ್ವದಲ್ಲಿ, ಮೈಸೂರು ಮಹಾರಾಜ ಹತ್ತನೇ ಚಾಮರಾಜ ಒಡೆಯರು ಕೊಟ್ಟ ಜಮೀನಿನಲ್ಲಿ, ಆಂಗ್ಲೋ ಇಂಡಿಯನ್ನರಿಗಾಗಿ. ಟೆಕ್ ಪಾರ್ಕು ಬರುವುದಕ್ಕೆ ನೂರಕ್ಕೂ ಹೆಚ್ಚು ವರ್ಷ ಮೊದಲೇ ಅಲ್ಲಿನ ಹೆಂಗಸರು ಫ್ರಾಕು ಹಾಕಿಕೊಂಡು ಓಡಾಡುತ್ತಿದ್ದರು. ನಮ್ಮ ಲಂಗ ದಾವಣಿಯ ಲಂಗ, ಉತ್ತರ ಕರ್ನಾಟಕದ ಅಜ್ಜಿಯರ ಕಚ್ಚೆ ಸೀರೆ, ಇವನ್ನೆಲ್ಲ ಟೈಲರ್ ಕಣ್ಣಲ್ಲಿ ನೋಡಿದರೆ ಒಂದು ಸ್ಕರ್ಟು, ಇನ್ನೊಂದು ಹೆಚ್ಚೂಕಡಿಮೆ ಪ್ಯಾಂಟು. ಇವತ್ತು ಅದೇ ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟ್ ಸೈಟಿನಲ್ಲಿ ರಾಯಚೂರು, ಯಾದಗಿರಿ ಕಡೆಯ ಹೆಣ್ಣುಮಕ್ಕಳು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಶರಟು ತೊಟ್ಟು ಮರಳು ಹೊರುತ್ತಾರೆ. ಬಿಸಿಲು ತಡೆಯುತ್ತದೆ, ಸೆರಗು ಜಾರಿದರೂ ಮೈ ಕಾಣುವುದಿಲ್ಲ, ಜೊತೆಗೆ ಜೇಬೂ ಸಿಗುತ್ತದೆ. ಹಿತವನ್ನೂ ಮರ್ಯಾದೆಯನ್ನೂ ಒಟ್ಟಿಗೆ ಸಾಧಿಸಿದ ಇಂಥ ಉಡುಪನ್ನು ಯಾವ ಡಿಸೈನರೂ ಕೊಟ್ಟಿಲ್ಲ. ಅವರೇ ಕಂಡುಕೊಂಡರು. ಯಾಕೆಂದರೆ ಸೈಟಿನಲ್ಲಿ ಡ್ರೆಸ್ ಕೋಡ್ ಬರೆಯುವವರು ಇರಲಿಲ್ಲ.

2024ರ ಜುಲೈನಲ್ಲಿ ಮಾಗಡಿ ರಸ್ತೆಯ ಮಾಲೊಂದರಲ್ಲಿ ಪಂಚೆ ಉಟ್ಟ ರೈತರೊಬ್ಬರನ್ನು ಒಳಗೆ ಬಿಡಲಿಲ್ಲ ಎಂದು ವಿಧಾನಸಭೆಯಲ್ಲೇ ಚರ್ಚೆಯಾಗಿ ಆ ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಸರ್ಕಾರ ಹೇಳಿತು. ನ್ಯಾಯವೇ. ಹೆಣ್ಣಿನ ಬಟ್ಟೆಗೆ ಅವಮಾನವಾದಾಗ ಮಾತ್ರ ಚರ್ಚೆ ತಿರುಗಿ ಅವಳ ಬಟ್ಟೆಯ ಮೇಲೇ ಬರುತ್ತದೆ. 2016ರ ಡಿಸೆಂಬರ್ 31ರ ರಾತ್ರಿ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಯಲ್ಲಿ ನಡೆದ ಕಿರುಕುಳದ ಬಗ್ಗೆ ಕೇಳಿದಾಗ ಆಗಿನ ಗೃಹ ಸಚಿವರು ಪಾಶ್ಚಾತ್ಯರ ಉಡುಪಿನ ಅನುಕರಣೆಯ ಮಾತೆತ್ತಿದರು. ಬೆಂಗಳೂರಿನಲ್ಲೇ 2003ರಲ್ಲಿ ಜಸ್ಮೀನ್ ಪಥೇಜಾ ಶುರುಮಾಡಿದ ಬ್ಲ್ಯಾಂಕ್ ನಾಯ್ಸ್ ಎಂಬ ಬಳಗ, ಕಿರುಕುಳವಾದಾಗ ಹೆಂಗಸರು ತೊಟ್ಟಿದ್ದ ಬಟ್ಟೆಗಳನ್ನೇ ಕೂಡಿಹಾಕುತ್ತ ಬಂದಿದೆ. ಅದರಲ್ಲಿ ಸಾದಾ ಸಲ್ವಾರ್ ಕಮೀಜೂ ಇದೆ. ಫ್ಲೋರಿನಲ್ಲಿ ಸೂಪರ್‌ವೈಸರ್ ಬಟ್ಟೆಯ ಬಗ್ಗೆ ಆಡುವ ಕೊಳಕು ಮಾತು, ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಡಿ ಲೈಂಗಿಕ ಕಿರುಕುಳವೇ ಆಗಬಲ್ಲದು. ನಿಮ್ಮ ಆಂತರಿಕ ಸಮಿತಿಯ ಬೋರ್ಡು ಗೋಡೆಯ ಮೇಲಿದೆ, ಅದರ ಸದಸ್ಯೆ ಯಾರೆಂದು ಲೈನಿನಲ್ಲಿ ಕೇಳಿ ನೋಡಿ.

ನನ್ನ ತಂಗಿಯ ಮಗಳು ಎಲೆಕ್ಟ್ರಾನಿಕ್ ಸಿಟಿಯಲ್ಲಿದ್ದಾಳೆ. "ಮೆಟ್ರೊ ಬಂದ್ಮೇಲೆ ಸ್ಕರ್ಟ್ ಹಾಕ್ತಿದೀನಿ ದೊಡ್ಡಮ್ಮ" ಅಂದಳು ಮೊನ್ನೆ. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಶುರುವಾಯಿತಲ್ಲ, ಅದಕ್ಕೂ ಸ್ಕರ್ಟಿಗೂ ಏನು ಸಂಬಂಧ ಅಂದೆ. ಬಸ್ಸು, ಟೆಂಪೊ ಟ್ರಾವೆಲರ್‌ಗಳ ಮೆಟ್ಟಿಲು ಎತ್ತರ, ಹತ್ತುವಾಗ ಹಿಂದೆ ನಿಂತವರ ಚಿಂತೆ, ಅಂದಳು. ಮೆಟ್ರೊ ಪ್ಲಾಟ್‌ಫಾರ್ಮ್ ಡಬ್ಬಿಯ ಮಟ್ಟಕ್ಕೇ ಇದೆ. ಅವಳ ನಾಚಿಕೆ ಬದಲಾಗಿರಲಿಲ್ಲ. ಮೆಟ್ಟಿಲು ಬದಲಾಗಿತ್ತು.

ಕೊನೆಗೆ, ಇದನ್ನೆಲ್ಲ ಓದಿ ನಾಳೆಯಿಂದ ಎಲ್ಲರಿಗೂ ಪ್ಯಾಂಟು ಕಡ್ಡಾಯ ಎಂದು ಸುತ್ತೋಲೆ ಹೊರಡಿಸಬೇಡಿ. 2018ರಲ್ಲಿ ರಾಜ್ಯ ಪೊಲೀಸಿನ ಮೊದಲ ಮಹಿಳಾ ಮುಖ್ಯಸ್ಥೆ ನೀಲಮಣಿ ಎನ್. ರಾಜು ಅವರು ಕರ್ತವ್ಯದ ಮೇಲಿರುವ ಮಹಿಳಾ ಪೊಲೀಸರು ಖಾಕಿ ಸೀರೆ ಬಿಟ್ಟು ಪ್ಯಾಂಟು ಶರಟು ಹಾಕಬೇಕೆಂದು ಆದೇಶಿಸಿದರು. ಓಡಬೇಕಾದ, ಗುಂಪು ಚದುರಿಸಬೇಕಾದ ಕೆಲಸ, ಕಾರಣ ಸರಿಯಾದದ್ದೇ. ಆದರೆ ಠಾಣೆಯಲ್ಲಿ ಕೂತು ಬರೆಯುವ, ನಿವೃತ್ತಿಯ ಹೊಸ್ತಿಲಲ್ಲಿರುವ ಹೆಂಗಸಿಗೂ ಅದೇ ಕಡ್ಡಾಯ ಯಾಕೆ ಎಂದು ನನಗೆ ಆಗಲೂ ಅನ್ನಿಸಿತ್ತು. ಪ್ಯಾರಿಸ್ಸಿನಲ್ಲಿ ಹೆಂಗಸರು ಪ್ಯಾಂಟು ಹಾಕಲು ಪೊಲೀಸರ ಅನುಮತಿ ಬೇಕೆಂದು 1800ರಲ್ಲಿ ಹೊರಟ ಆದೇಶ ಇನ್ನು ಊರ್ಜಿತವಲ್ಲ ಎಂದು ಅಲ್ಲಿನ ಸರ್ಕಾರ ಬಾಯಿಬಿಟ್ಟು ಹೇಳಿದ್ದು 2013ರಲ್ಲಿ. ಉಡುಪಿನ ನಿಯಮ ಬರೆಯುವುದು ಸುಲಭ, ಅಳಿಸುವುದಕ್ಕೆ ಎರಡು ಶತಮಾನ ಬೇಕಾಯಿತು. ಹಾಗಾಗಿ ನಿಯಮ ಬರೆಯುವ ಮೊದಲು ಅಪಾಯ ಏನು ಎಂದು ಬರೆಯಿರಿ: ಸಡಿಲ ತುದಿ ಬೆಲ್ಟಿಗೆ ಸಿಕ್ಕಬಾರದು, ಕಾಲು ಮುಚ್ಚಿರಬೇಕು, ಕೂದಲು ಕಟ್ಟಿರಬೇಕು. ಅದನ್ನು ಸೀರೆಯಲ್ಲಿ ಸಾಧಿಸುವುದೋ ಪ್ಯಾಂಟಿನಲ್ಲೋ ಅವಳಿಗೆ ಬಿಡಿ. ಬಟ್ಟೆ ಕೊಡುವುದಾದರೆ ಎರಡೂ ಬಗೆಯದನ್ನು ಕೊಡಿ, ಹೆಣ್ಣಿನ ಕಟಿಂಗಿನಲ್ಲಿ, ನಿಮ್ಮ ಖರ್ಚಿನಲ್ಲಿ, ಜೇಬಿನ ಸಮೇತ.

ಇವರು ಬಾಯಿ ಬಿಡುವುದಿಲ್ಲ, ಕೊಟ್ಟಿದ್ದು ಹಾಕಿಕೊಳ್ಳುತ್ತಾರೆ ಎಂದುಕೊಂಡಿದ್ದರೆ 2016ರ ಏಪ್ರಿಲ್ 18, 19 ನೆನಪಿಸಿಕೊಳ್ಳಿ. ಪಿ.ಎಫ್. ನಿಯಮ ಬದಲಿಸಿದರೆಂದು ಹೊಸೂರು ರಸ್ತೆಗೂ ತುಮಕೂರು ರಸ್ತೆಗೂ ಇಳಿದವರಲ್ಲಿ ಹೆಚ್ಚಿನವರು ಇದೇ ಗಾರ್ಮೆಂಟ್ಸಿನ ಹೆಂಗಸರು. ಕೇಂದ್ರ ಸರ್ಕಾರ ಎರಡನೇ ದಿನವೇ ನಿಯಮ ವಾಪಸು ತೆಗೆದುಕೊಂಡಿತು.

ಅಷ್ಟು ದೂರ ಹೋಗುವುದು ಬೇಡ. ಮುಂದಿನ ಯೂನಿಫಾರ್ಮಿಗೆ ಆರ್ಡರ್ ಕೊಡುವ ಮೊದಲು ಒಂದು ದಿನ ಊಟದ ಬಿಡುವಿನಲ್ಲಿ ಕ್ಯಾಂಟೀನಿಗೆ ಬನ್ನಿ. ಸೂಪರ್‌ವೈಸರುಗಳನ್ನು ಹೊರಗೆ ಕಳಿಸಿ, ಹೆಂಗಸರನ್ನು ಕೇಳಿ. ಜೊತೆಗೆ ಟೇಪು ಹಿಡಿದ ಒಬ್ಬ ಹೆಣ್ಣು ಟೈಲರನ್ನು ಕರೆತನ್ನಿ. ಕರೆದರೆ ನಾನೇ ಬರುತ್ತೇನೆ. ಬಸ್ ಚಾರ್ಜು ಕೂಡ ಕೊಡಬೇಕಾಗಿಲ್ಲ.

ಇಂತಿ ನಿಮ್ಮ ವಿಶ್ವಾಸಿ,
ಪ್ಯಾಂಟಿನ ಲೈನಿನಲ್ಲಿದ್ದ ಒಬ್ಬ ಟೈಲರಮ್ಮ
ಟಿ. ದಾಸರಹಳ್ಳಿ, ಬೆಂಗಳೂರು